ಬಾಯಿ ನೋಡುವ ಹೊತ್ತು

"ಬಾಯಿ ತಗಿ. ದೊಡ್ಡದ ತಗಿ. ನಾಲಿಗಿ ಎತ್ತ. ನಿಮ್ಮೌನ, ಹಲ್ಲಿನ ಸಂದ್ಯಾಗ ಏನೈತಿ ಅದು?"

"ಹುಳಕ ಐತೊ ತಮ್ಮಾ," ಎಂದಳು ಸಾವಿತ್ರವ್ವ. "ಬೇಕಾದ್ರ ಕಿತಗೊಂಡ ಹೋಗಿ ಮಾಲಕರಿಗಿ ಕೊಡ."

ಬೈದವನು ನಮ್ಮ ಮುಕಾದಮ ತಾನಾಜಿ. ದಿನಾ ಸಂಜೆ ಶೆಡ್ಡಿನ ಬಾಗಿಲಲ್ಲಿ ಬ್ಯಾಟರಿ ಹಿಡಿದು ನಿಲ್ಲುವುದು ಅವನ ಕೆಲಸ. ನಾವು ಹೆಂಗಸರು ಸಾಲಾಗಿ ಬಂದು, ಬಾಯಿ ತೆರೆದು, ನಾಲಿಗೆ ಎತ್ತಿ, ಎರಡೂ ಗಲ್ಲಗಳನ್ನು ಬೆರಳಿನಿಂದ ಎಳೆದು ತೋರಿಸಿ ಹೊರಗೆ ಹೋಗಬೇಕು. ಬಿಳೂರಿನಾಚೆ ಬಾಳಾಸಾಹೇಬರ ಬೇದಾಣೆ ಶೆಡ್ಡು ಅದು. ಬಲೆಯ ಮೇಲೆ ಒಣಗಿ ಬೇದಾಣೆಯಾದ ದ್ರಾಕ್ಷಿಯ ಕಡ್ಡಿ ತೆಗೆದು, ಬಣ್ಣ ನೋಡಿ ಬೇರೆ ಮಾಡಿ ಕೊಡುವವರು ನಾವು. ಮುಂಜಾನೆಯಿಂದ ಸಂಜೆತನಕ ಸಿಹಿಯಲ್ಲಿ ಕೈಯಾಡಿಸಬೇಕು, ಒಂದು ಕಾಳನ್ನೂ ಬಾಯಿಗೆ ಹಾಕಬಾರದು. ಹಾಕಿದರೆ ಅವತ್ತಿನ ಪಗಾರ ಇಲ್ಲ.

ಇದು ನಮಗೆ ಎಷ್ಟು ರೂಢಿಯಾಗಿತ್ತೆಂದರೆ, ಜತ್ತಿನ ದವಾಖಾನೆಯಲ್ಲಿ ಕಂಪೌಂಡರ್ ಹೆಸರು ಕೇಳಿದ್ದಕ್ಕೆ ಸಾವಿತ್ರವ್ವ ಬಾಯಿ ತೆರೆದು ನಾಲಿಗೆ ಎತ್ತಿದ್ದಳಂತೆ. ತಾನಾಜಿಯ ಗತಿ ಇನ್ನೂ ಕೆಟ್ಟದ್ದು. ಅವನ ಕೈ ಅವನ ಮಾತು ಕೇಳುತ್ತಿರಲಿಲ್ಲ. ನಮ್ಮನ್ನು ಊರಿಗೆ ಬಿಡುವ ಟೆಂಪೊದಲ್ಲಿ ಯಾರಾದರೂ ಆಕಳಿಸಿದರೆ ಸಾಕು, ಬ್ಯಾಟರಿ ಹತ್ತುತ್ತಿತ್ತು.

ಹೀಗೆ ನಗುತ್ತಲೇ ದಿನ ಕಳೆಯುತ್ತಿತ್ತೇನೊ. ಅಷ್ಟರಲ್ಲಿ ರಮಜಾನ್ ಬಂತು, ರೋಜಾ ಉಪವಾಸದ ತಿಂಗಳು.

ರುಕ್ಸಾರ ನಮ್ಮ ಸೊರಡಿಯ ಗಾದಿ ಹೊಲಿಯುವವರ ಮನೆಯ ಹೊಸ ಸೊಸೆ. ಮರಾಠಿ ಸಾಲಿಯಲ್ಲಿ ಹತ್ತನೆಯವರೆಗೆ ಓದಿದವಳು. ರೋಜಾದ ಮೊದಲ ದಿನ ಹನಿ ನೀರೂ ಕುಡಿಯದೆ ನಮ್ಮ ಸಮ ಕೆಲಸ ಮಾಡಿದಳು. ಸಂಜೆ ಬಾಗಿಲ ಹತ್ತಿರ ಬಂದಾಗ ಮಾತ್ರ ತುಟಿ ತೆರೆಯಲಿಲ್ಲ. ರೋಜಾ ಹಿಡಿದಿದ್ದೇನೆ, ಬಾಯಲ್ಲಿ ಏನು ಹುಡುಕುತ್ತೀರಿ ಎಂದು ಮೆಲ್ಲಗೆ ಕೇಳಿದಳು. ರೋಜಾ ಬಾಯಿ, ಏಕಾದಶಿ ಬಾಯಿ, ಮಾಲಕರ ಹುಕುಂ ಎಲ್ಲ ಬಾಯಿಗೂ ಒಂದೇ ಎಂದ ತಾನಾಜಿ. ಹಾಗೆನ್ನುತ್ತಲೇ ಅವಳ ಗದ್ದ ಹಿಡಿದು ಹೆಬ್ಬೆರಳಿನಿಂದ ತುಟಿ ಬಿಡಿಸಿದ. ಒಳಗೆ ಏನೂ ಇರಲಿಲ್ಲ. ಬಿಳಿಚಿ ಒಣಗಿದ ನಾಲಿಗೆ, ಅಷ್ಟೇ.

ಟೆಂಪೊದಲ್ಲಿ ಊರು ಬರುವತನಕ ಅವಳು ಸೆರಗಿನಿಂದ ತುಟಿ ಒರೆಸಿಕೊಳ್ಳುತ್ತಲೇ ಇದ್ದಳು. ಅವತ್ತು ನಮ್ಮಲ್ಲಿ ಯಾರೂ ಆಕಳಿಸಲಿಲ್ಲ.

ಮರುದಿನ ನಾವು ರೊಟ್ಟಿ ಬಿಚ್ಚಿದಾಗ ಅವಳು ದೂರ ಕೂತು ಮಾತು ತೆಗೆದಳು. ಸಾಲಿ ಪುಸ್ತಕದ ಮೊದಲ ಹಾಳೆಯ ಮೇಲೆಯೇ ಬರೆದಿದ್ದಾರಂತೆ, ಈ ದೇಶದಲ್ಲಿ ಯಾರೂ ಯಾರಿಗಿಂತ ಕಮ್ಮಿ ಅಲ್ಲವೆಂದು.

"ಬಾಯಿ ನೋಡಬಾರ್ದು ಅಂತ ಬರದಾರೇನ?" ಎಂದಳು ಸಾವಿತ್ರವ್ವ.

"ಬಾಯಿ ಅಂತ ಇಲ್ಲ ಆಯಿ. ಮನಷ್ಯಾರ ಮರ್ಯಾದಿ ಅಂತ ಐತಿ."

"ಮತ್ತ ಬಾಯಿ ಅದರಾಗ ಬರತೈತಲ್ಲ," ಎಂದು ಮುದುಕಿ ರೊಟ್ಟಿ ಮುರಿದಳು. ಆಮೇಲೆ ಎದುರಿನ ಗೋಡೆ ನೋಡಿದಳು. ಅಲ್ಲಿ ಕೆಂಪು ಬಣ್ಣದಲ್ಲಿ, ಆಳೆತ್ತರದ ಮರಾಠಿ ಅಕ್ಷರದಲ್ಲಿ, ನಾವು ಮಾಡಬಾರದ್ದನ್ನೆಲ್ಲ ಬರೆಸಿದ್ದರು. ತಿನ್ನಬಾರದು, ಮಾತಾಡುತ್ತ ಕೂಡಬಾರದು, ಕೇಳದೆ ಹೊರಗೆ ಹೋಗಬಾರದು. "ಇದೆಲ್ಲ ನಮಗಾತು. ಮಾಲಕರು ಮಾಡಬಾರದ್ದು ಯಾವ ಗ್ವಾಡಿ ಮ್ಯಾಲ ಬರದಾರ?"

ನಾವು ನಾಲ್ಕೂ ಗೋಡೆ ನೋಡಿದೆವು. ಒಂದರ ಮೇಲೆ ಹಲ್ಲಿ ಇತ್ತು.

ಈ ಮಾತು ತಾನಾಜಿಯ ಕಿವಿಗೆ ಬಿತ್ತು, ಅಲ್ಲಿಂದ ಫೋನಿಗೆ ಹೋಯಿತು. ಬಿಸಿಲು ಇಳಿಯುವಷ್ಟರಲ್ಲಿ ಬಾಳಾಸಾಹೇಬರ ಗಾಡಿ ಬಂತು. ಅವರೇನು ಮೋರೆ ಗಂಟು ಹಾಕಿಕೊಂಡು ಬರಲಿಲ್ಲ. ನಗುತ್ತ ಬಂದು ರಾಶಿಯಿಂದ ಒಂದು ಹಿಡಿ ಬೇದಾಣೆ ಎತ್ತಿಕೊಂಡು, ಒಂದೊಂದೇ ಬಾಯಿಗೆ ಎಸೆದುಕೊಳ್ಳುತ್ತ ಮಾತಿಗೆ ನಿಂತರು. ದೇಶ ದೊಡ್ಡದು, ಅಲ್ಲಿ ಒಬ್ಬರಿಗೊಬ್ಬರ ಪರಿಚಯ ಇರುವುದಿಲ್ಲ, ಅದಕ್ಕೇ ಹಕ್ಕು ಗಿಕ್ಕು ಬರೆದುಕೊಂಡಿರಬಹುದು. ಅದೂ ಬೇಕಿರಲಿಲ್ಲ, ದೊಡ್ಡವರು ಚಲೋ ಇದ್ದರೆ ಸಾಕು ಎಂದರು. ಸಾವಿತ್ರವ್ವನ ಮೊಮ್ಮಗನಿಗೆ ಜ್ವರ ಬಂದಾಗ ತಮ್ಮ ಗಾಡಿಯನ್ನೇ ಕಳಿಸಿದ್ದನ್ನು ನೆನಪಿಸಿದರು. ಅದು ಸುಳ್ಳಲ್ಲ, ಕಳಿಸಿದ್ದರು.

"ನೀವು ನಮ್ಮ ಮನಿ ಮಂದಿ. ಮನ್ಯಾಗ ಯಾರರೆ ಹಕ್ಕ ಬರದ ಗ್ವಾಡಿಗಿ ಹಚ್ತಾರೇನ ಸಾವಿತ್ರವ್ವ?"

"ಇಲ್ರಿ ಮಾಲಕ್ರ," ಎಂದಳು ಸಾವಿತ್ರವ್ವ, ಭಾಳ ನಯವಾಗಿ. "ಆದ್ರ ನಿಮ್ಮ ತಮ್ಮನೂ ಮನಿ ಮನಷ್ಯಾನ ಅಲ್ರಿ? ಹೊಲ ಹಂಚಿಕೊಳ್ಳೂವಾಗ ಜತ್ತಿಗಿ ಹೋಗಿ ಕಾಗದದ ಮ್ಯಾಲ ಯಾಕ ಬರಸಿದ್ರಿ ಮತ್ತ?"

ಹಿಂದೆ ಯಾರೋ ಕೆಮ್ಮಿದರು. ಬಾಳಾಸಾಹೇಬರ ನಗು ಅರ್ಧಕ್ಕೆ ನಿಂತಿತು. ತಾನಾಜಿಗೆ ಸಾಲು ಹಚ್ಚಲು ಹೇಳಿದರು, ರುಕ್ಸಾರಳನ್ನು ಮೊದಲು ಕರೆದರು. ಬಾಯಿ ತೆರೆದರೆ ಸರಿ. ಇಲ್ಲದಿದ್ದರೆ ನಾಳೆಯಿಂದ ಸೊರಡಿಗೆ ಟೆಂಪೊ ಬರುವುದಿಲ್ಲ, ಒಬ್ಬರಿಗೂ ಕೆಲಸವಿಲ್ಲ.

ರುಕ್ಸಾರ ತುಟಿ ಬಿಗಿದು ನಿಂತು ನಮ್ಮತ್ತ ನೋಡಿದಳು. ನಾವು ನೆಲ ನೋಡಿದೆವು. ಇದ್ದದ್ದು ಹೇಳಬೇಕೆಂದರೆ, ತೆರೆದುಬಿಡು ತಂಗಿ, ಒಂದು ಚಣದ ಮಾತು ಎಂದು ನನಗೂ ಅನ್ನಿಸಿತು. ಸಾವಿತ್ರವ್ವ ಮಾತ್ರ ಸೊಂಟ ಹಿಡಿದುಕೊಂಡು ಹೋಗಿ ಅವಳ ಪಕ್ಕದಲ್ಲಿ ನಿಂತಳು. ನಿಂತು ತನ್ನ ಹುಳುಕು ಹಲ್ಲಿನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿದಳು. ಊರಿನಲ್ಲಿ ಯಾರೂ ಕಾಣದ ನೋಟ ಅದು. ಆಮೇಲೆ ಇನ್ನೊಬ್ಬಳು ಹೋದಳು. ಆಮೇಲೆ ನಾನೂ ಹೋದೆ. ಸ್ವಲ್ಪ ಹೊತ್ತಿಗೆ ಆ ಬಾಗಿಲಲ್ಲಿ ಬರೀ ಮುಚ್ಚಿದ ಬಾಯಿಗಳಿದ್ದವು.

"ಏ ರಂಡ್ಯಾರಾ, ಬಾಯಿ ತಗೀರಿ ಅಂದ್ರ ತಿಳಿಯಂಗಿಲ್ಲೇನ? ತಗೀರೀ!" ಎಂದು ಬಾಳಾಸಾಹೇಬರು ಗಂಟಲು ಹರಿಯುವ ಹಾಗೆ ಒದರಿದರು.

ತಾನಾಜಿಯ ಬ್ಯಾಟರಿ ಹತ್ತಿತು. ತೆರೆದ ಬಾಯಿ ಕಂಡರೆ ಹತ್ತುವುದು ಅದರ ರೂಢಿ. ಬೆಳಕು ನೆಟ್ಟಗೆ ಮಾಲಕರ ಬಾಯೊಳಗೆ ಬಿತ್ತು. ಬಂಗಾರದ ಹಲ್ಲಿನ ಮಗ್ಗುಲಲ್ಲಿ ಅರ್ಧ ಅಗಿದ ಬೇದಾಣೆ ಹಳದಿಯಾಗಿ ಮಿಂಚಿತು.

"ಐತಿ," ಎಂದ ತಾನಾಜಿ. "ಇವತ್ತಿನ ಪಗಾರ ಇಲ್ಲ."

ಹೇಳಿದ ಮೇಲೆ ಅವನಿಗೆ ಗೊತ್ತಾಯಿತು. ನಾವು ಬಾಯಿ ಮುಚ್ಚಿ ನಿಂತಿದ್ದರಿಂದ ನಗು ಮೂಗಿನಿಂದ ಹೊರಟಿತು.

ಅಷ್ಟರಲ್ಲಿ ಬಿಳೂರಿನ ಮಸೂತಿಯಿಂದ ರೋಜಾ ಬಿಡುವ ಹೊತ್ತಿನ ಬಾಂಗ್ ಕೇಳಿಸಿತು. ರುಕ್ಸಾರ ಇಬ್ಬರು ಗಂಡಸರ ನಡುವಿನಿಂದ ನಡೆದು ಹೊರಗೆ ಹೋದಳು. ಬೇವಿನ ಗಿಡದ ಕೆಳಗೆ ಕೂತು, ಸೆರಗಿನ ಗಂಟಿನಿಂದ ಖರ್ಜೂರ ಬಿಚ್ಚಿ, ತುಟಿಯಲ್ಲೇ ಏನೋ ಅಂದುಕೊಂಡು, ಬಾಯಿ ತೆರೆದಳು.

ಬಾಗಿಲಲ್ಲಿ ಬ್ಯಾಟರಿ ಹತ್ತಿತು. ಅವಳು ಅಗಿಯುತ್ತ ಅದನ್ನೇ ನೋಡಿದಳು. ಅದು ಆರಿತು.