ಹೊತ್ತು ಮುಳುಗಿದ ಮೇಲಿನ ಕರಾರು

ವಿಮಾನ ಕಂಪನಿಯ ದೊಡ್ಡ ಅಧಿಕಾರಿಯೊಬ್ಬಳು ಸಹಿ ಕೇಳಿಕೊಂಡು ಕುರಿ ಹಿಂಡಿನ ನಡುವೆ ಬಂದು ನಿಲ್ಲುವುದು ದಿನಾ ನಡೆಯುವ ಮಾತಲ್ಲ. ಹಾಗಾಗಿ ಆ ಶನಿವಾರ ಸಂಜೆ ಸಾಲೋಟಗಿಯ ಮಡಿವಾಳಪ್ಪ ಗೌಡರ ಹೊಲದಲ್ಲಿ ಶೈಲಶ್ರೀ ಕಾರಿನಿಂದಿಳಿದು, ಜೋಳದ ಕೂಳೆ ದಾಟುತ್ತ ತನ್ನ ಕಡೆಗೇ ಬರುವುದನ್ನು ಕಂಡ ರಾಜಶ್ರೀ ಕೈಯಲ್ಲಿದ್ದ ಚಹಾ ಕುಡಿಯುವುದನ್ನೇ ಮರೆತಳು. ಕುರಿಗಳು ಮಾತ್ರ ತಲೆ ಎತ್ತಲಿಲ್ಲ. ಅವಕ್ಕೆ ಅಧಿಕಾರಿಗಳ ಭಯವಿಲ್ಲ.

ರಾಜಶ್ರೀ ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯ ಹುಡುಗಿ. ಅಪ್ಪ ಸೋಮನಿಂಗ, ಅವ್ವ ಚಂದವ್ವ, ಮನೆಯಲ್ಲಿ ಮುನ್ನೂರು ಕುರಿ. ಸುಗ್ಗಿ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಇಂಡಿ ತಾಲ್ಲೂಕಿನ ಕಡೆ ಬರುವುದು, ಗೊಬ್ಬರ ಬೇಕೆಂದವರ ಹೊಲದಲ್ಲಿ ರಾತ್ರಿಯಿಡೀ ಕುರಿ ತರುಬಿ ಮಲಗಿಸುವುದು, ಅದಕ್ಕೆ ಜೋಳ ಪಡೆಯುವುದು ಅವರ ಕೆಲಸ. ಅಂಥ ಮನೆಯ ಹುಡುಗಿ ವಿಮಾನ ಹಾರಿಸಲು ಕಲಿತದ್ದು ಹೇಗೆ ಎಂದು ಕೇಳಬೇಡಿ. ಅದನ್ನು ಹೇಳುತ್ತ ಕೂತರೆ ಈ ಕಥೆ ಶುರುವಾಗುವುದೇ ಇಲ್ಲ. ಕಲಿತಳು, ಅಷ್ಟೇ. ಈಗ ಬೆಳ್ಳಕ್ಕಿ ಏರ್ ಎಂಬ ಸಣ್ಣ ಕಂಪನಿಯಲ್ಲಿ ಸಹ ಪೈಲಟ್. ಎಪ್ಪತ್ತು ಸೀಟಿನ, ಪಂಖ ತಿರುಗುವ ವಿಮಾನ. ಹೈದರಾಬಾದಿನಿಂದ ಕಲಬುರಗಿ, ಬೆಳಗಾವಿ, ಹುಬ್ಬಳ್ಳಿ ಎಂದು ದಿನಕ್ಕೆ ಆರು ಸಲ ಏರಿ ಆರು ಸಲ ಇಳಿಯಬೇಕು. ಸಿಟಿ ಬಸ್ಸಿನ ಡ್ರೈವರನಿಗೂ ತನಗೂ ಎತ್ತರದ್ದೊಂದೇ ವ್ಯತ್ಯಾಸ ಎಂದು ಅವಳೇ ನಗುತ್ತಿದ್ದಳು.

ಶೈಲಶ್ರೀ ಅದೇ ಕಂಪನಿಯಲ್ಲಿ ಯಾವ ಪೈಲಟ್ ಯಾವಾಗ ಹಾರಬೇಕೆಂದು ನಿರ್ಧರಿಸುವ ಇಲಾಖೆಯ ಮುಖ್ಯಸ್ಥೆ. ಮತ್ತು ಮಡಿವಾಳಪ್ಪ ಗೌಡರ ಮಗಳು. ಚಂದವ್ವನ ಹಿಂಡು ಇಪ್ಪತ್ತು ವರ್ಷಗಳಿಂದ ಆ ಹೊಲಕ್ಕೆ ಬರುತ್ತಿದ್ದುದರಿಂದ ಇಬ್ಬರು ಹುಡುಗಿಯರೂ ಚಿಕ್ಕಂದಿನಲ್ಲಿ ಒಟ್ಟಿಗೆ ಶೇಂಗಾ ಸುಟ್ಟು ತಿಂದವರೇ. ಆದರೆ ಹೈದರಾಬಾದಿನಲ್ಲಿ ಕರಾರಿನ ಮಾತುಕತೆಗೆ ಎದುರುಬದುರು ಕೂತ ದಿನದಿಂದ ಇಬ್ಬರೂ ಒಬ್ಬರಿಗೊಬ್ಬರು ‘ಮೇಡಂ’ ಆಗಿದ್ದರು.

ಮಾತುಕತೆ ಶುರುವಾಗಿ ಆರು ತಿಂಗಳಾಗಿತ್ತು. ಪೈಲಟ್‌ಗಳ ಪರವಾಗಿ ಮೂವರು: ಬಸವನ ಬಾಗೇವಾಡಿಯ ಕ್ಯಾಪ್ಟನ್ ಬಸಂತರಾಯ, ಮುದ್ದೇಬಿಹಾಳದ ಕ್ಯಾಪ್ಟನ್ ಕಲ್ಮೇಶ, ಮತ್ತು ಬೇರೆ ಯಾರೂ ಮುಂದೆ ಬರಲಿಲ್ಲವೆಂದು ಸಿಕ್ಕಿಬಿದ್ದ ರಾಜಶ್ರೀ. ಐದು ಬೇಡಿಕೆಗಳಲ್ಲಿ ನಾಲ್ಕಕ್ಕೆ ಕಂಪನಿ ಒಪ್ಪಿತ್ತು. ಹೊರಗೂರಿನಲ್ಲಿ ತಿಗಣೆಯಿಲ್ಲದ ಲಾಡ್ಜು, ಬೆಳಗಿನ ಜಾವ ಕರೆದೊಯ್ಯಲು ಗಾಡಿ, ವರ್ಷದ ರಜೆ, ವಿಮೆ. ಉಳಿದದ್ದು ಐದನೆಯದು. ಸಂಜೆಯ ಮೇಲೆ ಫೋನ್ ಮಾಡಿ ಮರುದಿನದ ಡ್ಯೂಟಿ ಬದಲಿಸಬಾರದು ಎಂಬುದು. ಇದಕ್ಕೆ ಮಾತ್ರ ಶೈಲಶ್ರೀ ಜಗ್ಗಲಿಲ್ಲ. ಕಾನೂನಿನಲ್ಲಿ ಬರೆದಷ್ಟು ತಾಸು ವಿಶ್ರಾಂತಿ ಕೊಡುತ್ತಿದ್ದೇವಲ್ಲ, ಇನ್ನೇನು ಎಂದಳು. ಕೊಡುತ್ತಿದ್ದುದು ನಿಜ. ಆದರೆ ಮಧ್ಯಾಹ್ನದ ಡ್ಯೂಟಿ ಎಂದು ನಂಬಿ ನಿರುಂಬಳವಾಗಿ ಕೂತವರಿಗೆ ರಾತ್ರಿ ಎಂಟಕ್ಕೆ ಫೋನ್ ಮಾಡಿ, ಮುಂಜಾನೆ ಐದಕ್ಕೆ ಬನ್ನಿ ಎಂದರೆ, ನಿದ್ದೆ ಏನು ನಲ್ಲಿ ತಿರುಗಿಸಿದಂತೆ ಬರುತ್ತದೆಯೇ?

ಬಸಂತರಾಯರೂ ಕಲ್ಮೇಶನೂ ಕೊನೆಗೆ ಕೈಚೆಲ್ಲಿ ಸಹಿ ಹಾಕಿದ್ದರು. ಸಿಕ್ಕಷ್ಟಾದರೂ ಸಿಗಲಿ ಎಂಬ ಲೆಕ್ಕ. ಉಳಿದಿದ್ದು ರಾಜಶ್ರೀಯ ಸಹಿ. ಅವಳು ಹಾಕದಿದ್ದರೆ ಸೋಮವಾರಕ್ಕೆ ಕಂಪನಿ ಒಪ್ಪಿದ ನಾಲ್ಕನ್ನೂ ಹಿಂದೆ ತೆಗೆದುಕೊಳ್ಳುತ್ತದೆ. ಅದಕ್ಕೇ ಅವಳು ಎರಡು ದಿನ ರಜೆ ಹಾಕಿ, ಫೋನ್ ಬಂದ್ ಮಾಡಿ, ಅವ್ವನ ಹಿಂಡಿನಲ್ಲಿ ಬಂದು ಅಡಗಿದ್ದಳು. ಅಡಗಲು ಆರಿಸಿಕೊಂಡ ಹೊಲ ಮಾತ್ರ ಶೈಲಶ್ರೀಯ ಅಪ್ಪನದು. ಹಿಂಡು ಎಲ್ಲಿರುತ್ತದೋ ಅದೇ ಮನೆ ಎಂದು ಬೆಳೆದವರಿಗೆ ಹೊಲ ಯಾರದೆಂಬುದು ಎಲ್ಲಿ ನೆನಪಾಗಬೇಕು?

"ಚಾ ಕುಡೀರಿ ಮೊದಲ, ಮಾತು ಆಮ್ಯಾಲ," ಎಂದಳು ಚಂದವ್ವ. ಕಂಬಳಿ ಕೊಡವಿ ಹಾಸಿ, ಗೌಡರ ಮಗಳನ್ನು ಕೂರಿಸಿ, ಲೋಟ ಕೈಗಿತ್ತಳು.

ಶೈಲಶ್ರೀ ಒಂದು ಗುಟುಕು ಕುಡಿದವಳೇ ಚೀಲದಿಂದ ಕಾಗದ ತೆಗೆದಳು. "ರಾಜಶ್ರೀ, ಹಟಾ ಸಾಕು. ಒಂದ್ ಸಹಿ ಸಂಬಂಧ ಉಳಿದ ಎಲ್ಲಾರ ಅನ್ನಕ್ಕ ಯಾಕ ಕಲ್ಲು ಹಾಕ್ತಿ? ವಿಮಾನ ಅಂದ್ರ ಹೊಲಾ ಮನಿ ಇದ್ದಂಗ ಅಲ್ಲ. ಒಬ್ಬರಿಗೆ ಜ್ವರಾ ಬಂತಂದ್ರ ಇನ್ನೊಬ್ಬರನ್ನ ಕರೀಲಿಕ್ಕೇ ಬೇಕು. ಎಪ್ಪತ್ತ ಮಂದಿ ಟಿಕೀಟ ತಗೊಂಡು ಕುಂತಿರ್ತಾರ, ಅವರಿಗೆ ನಾ ಏನ್ ಹೇಳ್ಲಿ?"

"ಆ ಎಪ್ಪತ್ತ ಮಂದಿ ಸಂಬಂಧನ ನಾ ಹೇಳಾಕತ್ತೇನ್ರಿ."

"ಅಂದ್ರ?"

ರಾಜಶ್ರೀ ಅವ್ವನ ಮುಖ ನೋಡಿದಳು. ಇದನ್ನು ಅವ್ವನಿಗೆ ಹೇಳಿರಲಿಲ್ಲ. ಹೇಳುವ ಮನಸ್ಸೂ ಇರಲಿಲ್ಲ. ಆದರೆ ಬಾಯಿ ತೆರೆದಾಗಿತ್ತು.

"ಹ್ವಾದ ತಿಂಗಳ ಸಾಲಾಗಿ ಮೂರ್ ದಿನಾ ನಿಮ್ಮ ಆಫೀಸಿನವ್ರು ರಾತ್ರಿ ಫೋನ್ ಮಾಡಿ ಡ್ಯೂಟಿ ಬದಲ ಮಾಡಿದ್ರು. ನಾಕನೇ ದಿನಾ ಬೆಳಗಾಂವಿಗೆ ಇಳಿಯೋ ಮುಂದ ನಾ ಎತ್ತರಾ ತಪ್ಪು ಓದಿದೆ. ಸಾವಿರ ಅಡಿ ಫರಕ. ಬಸಂತರಾಯ ಸರ್ ನೋಡಿದ್ರು, ತಿದ್ದಿದ್ರು, ಆತು. ಅವರ ಕಣ್ಣೂ ಮುಚ್ಚಾಕತ್ತಿದ್ರ? ನಂಗ ಅಂಜಿಕಿ ಬಂದೈತ್ರಿ. ಹಾರೂದಕ್ಕಲ್ಲ, ನಿದ್ದಿಗೆ."

ಚಂದವ್ವ ಸರಿದು ಹತ್ತಿರ ಕೂತಳು. ಮಗಳ ಬೆನ್ನ ಮೇಲೆ ಕೈ ಇಟ್ಟಳು, ತೆಗೆಯಲಿಲ್ಲ.

ಶೈಲಶ್ರೀ ಕಲ್ಲಲ್ಲ. ಅವಳ ಮುಖ ಇಳಿಯಿತು. ಆದರೂ ಮೇಲಿನವರು ಹೇಳಿ ಕಳಿಸಿದ ಮಾತು ಹೇಳಲೇಬೇಕಿತ್ತು. "ನಿನಗ ಬೇಕಾದ್ರ ನಾ ರಾತ್ರಿ ಫೋನ್ ಮಾಡಸೂದಿಲ್ಲ. ಖಾಸಗೀದಾಗ ಮಾತು ಕೊಡ್ತೇನಿ. ಕರಾರಿನ್ಯಾಗ ಬರಿಯೂದು ಆಗೂದಿಲ್ಲ. ಸಹಿ ಮಾಡಿಬಿಡು."

ರಾಜಶ್ರೀಗೆ ಒಂದು ಗಳಿಗೆ ಆಸೆಯಾಯಿತು. ಸುಳ್ಳೇಕೆ ಹೇಳಬೇಕು, ಪೆನ್ನನ್ನೂ ಕೈಗೆ ತೆಗೆದುಕೊಂಡಳು. ತಾನೊಬ್ಬಳು ಚೆನ್ನಾಗಿ ಮಲಗಬಹುದು, ನಾಲ್ಕು ಬೇಡಿಕೆ ಎಲ್ಲರಿಗೂ ಸಿಗುತ್ತವೆ, ಈ ಜಗ್ಗಾಟ ಮುಗಿಯುತ್ತದೆ. ಆದರೆ ಪಕ್ಕದ ಸೀಟಿನಲ್ಲಿ ಕೂರುವವರ ನಿದ್ದೆ? ಪೆನ್ನಿನ ಮುಚ್ಚಳ ತೆಗೆಯುತ್ತ, ಹಾಕುತ್ತ ಕುಳಿತಳು.

ಅಷ್ಟರಲ್ಲಿ ಮಡಿವಾಳಪ್ಪ ಗೌಡರ ಮೋಟರ್ ಸೈಕಲ್ ಧೂಳೆಬ್ಬಿಸಿಕೊಂಡು ಬಂತು. ಹೊತ್ತು ಆಗಲೇ ಮುಳುಗಿತ್ತು. ಪಡುವಣದಲ್ಲಿ ಕೆಂಪು ಮಾತ್ರ ಉಳಿದಿತ್ತು. ಗೌಡರು ಮಗಳನ್ನು ನೋಡಿ "ನೀ ಇಲ್ಲೇನ್ ಮಾಡಾಕತ್ತಿ?" ಎಂದವರೇ ಉತ್ತರಕ್ಕೂ ಕಾಯದೆ ಚಂದವ್ವನ ಕಡೆ ತಿರುಗಿದರು.

"ಚಂದವ್ವಾ, ಇವತ್ತ ಇಲ್ಲಿ ಬ್ಯಾಡ. ಮುಂಜಾನೆ ಟ್ರ್ಯಾಕ್ಟರ್ ಬರತೈತಿ. ಕುರಿ ಎಬ್ಬಿಸಿ ಕೆನಾಲ್ ದಂಡಿ ಹೊಲಕ್ಕ ಹೊಡೀರಿ."

"ಹೊತ್ತು ಮುಳಗೇತಲ್ರಿ ಗೌಡ್ರ," ಎಂದಳು ಚಂದವ್ವ. ದನಿಯಲ್ಲಿ ಸಿಟ್ಟಿರಲಿಲ್ಲ, ಅಳುಕೂ ಇರಲಿಲ್ಲ.

ಗೌಡರು ನಾಲಿಗೆ ಕಚ್ಚಿಕೊಂಡರು. "ಹೌದ್ ನೋಡು. ಮರ್ತೇಬಿಟ್ಟೆ." ಮೋಟರ್ ಸೈಕಲ್ಲಿನಿಂದ ಇಳಿದು, ತಲೆಯ ಟೊಪ್ಪಿಗೆ ಸರಿ ಮಾಡಿಕೊಂಡು, ಹೊಸದಾಗಿ ಬಂದವರಂತೆ ನಿಂತು ಕೇಳಿದರು. "ಕೆನಾಲ್ ದಂಡಿ ಹೊಲಕ್ಕ ಹೋಗಾಕ ಆಗತೈತೇನವಾ? ಬುತ್ತಿ ನಮ್ಮ ಮನಿಯಿಂದ ಬರತೈತಿ. ನಾಳಿ ಇಡೀ ದಿನಾ ನಿಮ್ಮ ತಂಟೇಕ ಯಾರೂ ಬರೂದಿಲ್ಲ."

ಚಂದವ್ವ ಹಿಂಡಿನ ಕಡೆ ನೋಡಿದಳು. ಅಂದು ಬೆಳಿಗ್ಗೆ ಎರಡು ಕುರಿ ಈದಿದ್ದವು. ಮರಿಗಳು ಇನ್ನೂ ಕಾಲೂರಲು ಕಲಿಯುತ್ತಿದ್ದವು. ಸೋಮನಿಂಗ ದಿನವಿಡೀ ನಡೆದು ಕೋಲಿಗೆ ಗದ್ದವೂರಿ ಕೂತಿದ್ದ.

"ಇವತ್ತ ಆಗೂದಿಲ್ರಿ."

"ಆತು ಬಿಡು. ಟ್ರ್ಯಾಕ್ಟರ್‌ನವಗ ನಾಡದ್ದ ಬಾ ಅಂತೇನಿ." ಗೌಡರು ಅಷ್ಟೇ ಹೇಳಿ ಕಂಬಳಿಯ ಮೂಲೆಯಲ್ಲಿ ಕೂತು ಚಹಾಕ್ಕೆ ಕೈ ಚಾಚಿದರು.

ಶೈಲಶ್ರೀ ಬಾಯಿ ತೆರೆದು ನೋಡುತ್ತಿದ್ದಳು. "ಅಪ್ಪಾ, ಹೊಲಾ ನಿಂದು. ಜ್ವಾಳಾ ಕೊಡಾಂವ ನೀನು. ಆಕಿ ಆಗೂದಿಲ್ಲ ಅಂದ್ರ ಸುಮ್ನ ಆತು ಅಂತೀಯಲ್ಲ?"

"ಮತ್ತೇನ್ ಜಗಳಾ ತಗೀಲ್ಯಾ? ಹೊತ್ತು ಮುಳಗೋ ಮಟಾ ಹೇಳಬೇಕು, ಮುಳಗಿದ ಮ್ಯಾಲ ಕೇಳಬೇಕು. ಕರಾರು ಐತಿ."

"ಎಲ್ಲಿ ಬರದೈತಿ?"

"ಕೆನಾಲಿನ್ಯಾಗ ಬರದೈತಿ," ಎಂದರು ಗೌಡರು. ಲೋಟ ಕೆಳಗಿಟ್ಟರು. "ನೀ ಹಾಸ್ಟೆಲಿನ್ಯಾಗ ಇದ್ದಿ ಆಗ. ಒಂದ್ ವರ್ಷ ನಾ ಜುಲ್ಮಿ ಮಾಡಿ ಕತ್ತಲ್ಯಾಗ ಕುರಿ ಎಬ್ಬಿಸಿ ಕಳಿಸ್ದೆ. ಈ ಸೋಮನಿಂಗ ಎರಡ್ ದಿನಾ ನಿದ್ದಿ ಕೆಟ್ಟಿದ್ದ. ನಡಕೋತನ ಕಣ್ಣ ಮುಚ್ಚಿದ. ಹನ್ನೊಂದ ಕುರಿ ನೀರ ಪಾಲಾದ್ವು. ಊರ ಮಂದಿ ಇವಗ ಬೈದ್ರು. ತಪ್ಪು ಇವಂದಲ್ಲ, ನಂದು. ಅವತ್ತಿನಿಂದ ಕೇಳ್ತೇನಿ."

ಒಂದು ಮರಿ ಬಂದು ಶೈಲಶ್ರೀಯ ದುಪಟ್ಟಾ ಬಾಯಿಗೆ ಹಾಕಿಕೊಂಡಿತು. ಅವಳು ಬಿಡಿಸಿಕೊಳ್ಳಲೂ ಇಲ್ಲ. ಅಪ್ಪನನ್ನು ನೋಡಿದಳು, ಕೋಲಿಗೆ ಒರಗಿದ ಸೋಮನಿಂಗನನ್ನು ನೋಡಿದಳು, ಕೊನೆಗೆ ರಾಜಶ್ರೀಯನ್ನು.

"ಸಾವಿರ ಅಡಿ ಅಂದೆಲ್ಲ?" ಎಂದಳು.

"ಹೂಂನ್ರಿ."

"ಆ ಪೆನ್ ಇಲ್ಲಿ ಕೊಡು."

ಕಾಗದವನ್ನು ಕಾರಿನ ಬಾನೆಟ್ಟಿನ ಮೇಲೆ ಹಾಸಿಕೊಂಡು, ಮೊಬೈಲಿನ ಬೆಳಕಿನಲ್ಲಿ ಶೈಲಶ್ರೀ ಐದನೆಯ ಕಲಮು ಬರೆಯತೊಡಗಿದಳು. ಸಂಜೆ ಆರರ ನಂತರ ಮರುದಿನದ ಡ್ಯೂಟಿ ಬದಲಿಸಬೇಕಾದರೆ ಪೈಲಟ್ಟನ್ನು ಕೇಳತಕ್ಕದ್ದು. ಒಲ್ಲೆ ಎಂದರೆ ಕಾರಣ ಕೇಳತಕ್ಕದ್ದಲ್ಲ. ಒಪ್ಪಿದರೆ ಅದರ ಮರುದಿನ ಪೂರ್ತಿ ರಜೆ. ರಾಜಶ್ರೀ ಪಕ್ಕದಲ್ಲಿ ನಿಂತು ‘ರಜೆಯ ದಿನ ಫೋನ್ ಮಾಡತಕ್ಕದ್ದಲ್ಲ’ ಎಂದು ಸೇರಿಸಿದಳು.

"ಬುತ್ತೀದು ಬರದ್ರೇನು?" ಎಂದು ಚಂದವ್ವ ದೂರದಿಂದಲೇ ಕೂಗಿದಳು.

"ಬುತ್ತಿ ಬ್ಯಾಡ ಬೇ, ಕಂಪನಿ ಊಟಾ ನೀ ಉಂಡಿಲ್ಲ," ಎಂದಳು ರಾಜಶ್ರೀ. ಶೈಲಶ್ರೀಗೂ ನಗು ತಡೆಯಲಾಗಲಿಲ್ಲ. ಆರು ತಿಂಗಳಲ್ಲಿ ಇಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

"ಕಂಪನಿ ಬೋರ್ಡಿನವರು ಒಪ್ತಾರೇನ್ರಿ?" ಎಂದು ರಾಜಶ್ರೀ ಕೇಳಿದಳು.

"ಡ್ಯೂಟಿ ವಿಷಯದಾಗ ಸಹಿ ಹಾಕೋ ಅಧಿಕಾರ ನನಗ ಕೊಟ್ಟಾರ. ಸಿಟ್ಟಿಗೇಳ್ತಾರ, ಏಳ್ಲಿ. ಬಂದು ನಮ್ಮಪ್ಪನ ಕೂಡ ಮಾತಾಡ್ಲಿ." ಶೈಲಶ್ರೀ ಸಹಿ ಮಾಡಿದಳು. ರಾಜಶ್ರೀಯೂ ಮಾಡಿದಳು.

ಶಾಯಿ ಒಣಗುವ ಮೊದಲೇ ಶೈಲಶ್ರೀಯ ಫೋನ್ ರಿಂಗಣಿಸಿತು. ಆಫೀಸು. ನಾಳೆ ಮುಂಜಾನೆಯ ಕಲಬುರಗಿ ವಿಮಾನದ ಕ್ಯಾಪ್ಟನ್ನಿಗೆ ವಾಂತಿ ಭೇದಿ. ಬದಲಿಗೆ ಕ್ಯಾಪ್ಟನ್ ಕಲ್ಮೇಶನ ಹೆಸರು ಹಾಕಿದ್ದೇವೆ, ಐದಕ್ಕೆ ಬರಲು ಮೆಸೇಜು ಕಳಿಸಿಬಿಡಲೇ ಎಂದು ಕೇಳಿದರು. ಏಳು ಗಂಟೆಯಾಗಿತ್ತು.

"ಕಳಿಸಬ್ಯಾಡ್ರಿ, ನಾನ ಮಾತಾಡ್ತೇನಿ," ಎಂದು ಶೈಲಶ್ರೀ ಕಲ್ಮೇಶನಿಗೆ ಫೋನ್ ಹಚ್ಚಿದಳು. ಸ್ಪೀಕರು ತಂತಾನೇ ಆನ್ ಆಯಿತೋ, ಅವಳೇ ಮಾಡಿದಳೋ, ಹೊಲಕ್ಕೆಲ್ಲ ಕೇಳಿಸಿತು.

"ಹೇಳ್ರಿ ಮೇಡಂ," ಎಂದಿತು ಸೋತ ದನಿ. "ಎಷ್ಟಕ್ಕ ಬರ್ಲಿ?"

"ಕ್ಯಾಪ್ಟನ್, ನಾಳಿ ಮುಂಜಾನೆ ಐದಕ್ಕ ಡ್ಯೂಟಿ ಐತಿ. ನಿಮಗ ಆಗತೈತೇನ್ರಿ?"

"ಬರ್ತೇನಂತ ಹೇಳಿದ್ನೆಲ್ರಿ."

"ಇಲ್ಲ, ಆಗತೈತೋ ಇಲ್ಲೋ ಅಂತ ಕೇಳಾಕತ್ತೇನಿ. ಆಗೂದಿಲ್ಲಂದ್ರ ಬ್ಯಾರೆಯವರನ್ನ ನೋಡ್ತೇನಿ. ಬಂದ್ರ ನಾಡದ್ದ ನಿಮಗ ಪೂರಾ ರಜಾ."

ಫೋನ್ ಕಟ್ಟಾಯಿತೇನೋ ಎಂದು ಶೈಲಶ್ರೀ ಪರದೆ ನೋಡಿದಳು. ಗೌಡರು, ಚಂದವ್ವ, ರಾಜಶ್ರೀ ಮೂವರೂ ಫೋನಿನ ಹತ್ತಿರ ಸರಿದು ನಿಂತರು.

"ಮೇಡಂ," ಎಂದ ಕಲ್ಮೇಶ. "ಹನ್ನೊಂದ ವರ್ಷದಾಗ ಯಾರೂ ನನ್ನ ಹಿಂಗ ಕೇಳಿದ್ದಿಲ್ರಿ. ಹಿಂಗ ಕೇಳಿದ್ರ ಯಾಕ ಬರೂದಿಲ್ರಿ? ಈಗ ಮಲಕ್ಕೋತೇನಿ, ಮುಂಜಾನೆ ಬರ್ತೇನಿ."