ಸೊಂಟ ಮೂವತ್ತನಾಲ್ಕು

ಯಾವಳೇ ಅವಳು ನನ್ನನ್ನ ದಪ್ಪ ಅನ್ನೋಕೆ, ಡಾಕ್ಟರಂತೆ ಡಾಕ್ಟರು, ಮೊದಲು ಅವಳ ತೂಕದ ಮಿಷನ್ನು ರಿಪೇರಿ ಮಾಡಿಸ್ಕೊಳ್ಳಲಿ — ಗಂಡನ ಕೂಗಿಗೆ ಕಿಟಕಿಯ ಗಾಜು ನಡುಗಿತು, ಇಲ್ಲ, ನಡುಗಿದ್ದು ಕೆಳಗೆ ಹೋದ ಲಾರಿಗೆ, ಇವನ ಗಂಟಲು ಎಷ್ಟು ಜೋರಾದರೂ ಅದಕ್ಕೆ ಹಲ್ಲಿಲ್ಲ ಎಂದು ಅವಳಿಗೆ ಮದುವೆಯಾದ ವಾರದಲ್ಲೇ ಗೊತ್ತಾಗಿತ್ತು, ಬಸ್ಸು ಓಡಿಸುವವರೆಲ್ಲ ಹೀಗೇ, ಮನೆಯೊಳಗೂ ದಾರಿ ಬಿಡಿಸಿಕೊಂಡೇ ಮಾತಾಡುತ್ತಾರೆ. ಅವಳು ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಾಳೆ, ಕಾಲು ಪೆಡಲಿನ ಮೇಲಿದೆ, ತುಳಿಯುತ್ತಿಲ್ಲ, ಸೂಜಿಯ ಕೆಳಗೆ ಯಾರದೋ ಅಂಗಿಯ ತೋಳು ಅರ್ಧಕ್ಕೆ ನಿಂತಿದೆ. ಮೇಜಿನ ಮೇಲೆ ಅವನ ರಿಪೋರ್ಟು, ಒಂದೇ ಹಾಳೆ, ಅವಳವು ಒಂದು ಚೀಲದ ತುಂಬ ಇವೆ, ರಕ್ತದ್ದು, ಸ್ಕ್ಯಾನಿನದು, ಹೊಟ್ಟೆಯೊಳಗೆ ಬಣ್ಣ ಬಿಟ್ಟು ಎಕ್ಸ್‌ರೇ ತೆಗೆದದ್ದು, ಆವತ್ತು ಅವಳು ಹಲ್ಲು ಕಚ್ಚಿ ಮಲಗಿದ್ದರೆ ಇವನು ಹೊರಗೆ ಬೆಂಚಿನ ಮೇಲೆ ಅವಳ ಕೈಚೀಲವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದನಂತೆ, ನರ್ಸು ಹೇಳಿ ನಕ್ಕಳು. ಆರು ವರ್ಷ ಚೀಲ ಹಿಡಿದ, ಕಿತ್ತಳೆ ಸುಲಿದು ನಾರು ತೆಗೆದು ಬಾಯಿಗಿಟ್ಟ, ಇವನನ್ನೂ ಒಂದು ಸಲ ನೋಡೋಣ ಎಂದು ಯಾರಿಗೂ ಹೊಳೆಯಲಿಲ್ಲ, ಈ ಹೊಸ ಡಾಕ್ಟರಮ್ಮ ಬರುವ ತನಕ. ಇವರ ವೀರ್ಯದಲ್ಲಿ ಬೀಜದ ಸಂಖ್ಯೆ ಕಮ್ಮಿ ಇದೆಯಮ್ಮ, ಇರೋದೂ ಚುರುಕಾಗಿಲ್ಲ, ಹೊಟ್ಟೆಯ ಕೊಬ್ಬು ಗಂಡಸಿನ ಹಾರ್ಮೋನನ್ನ ಹೆಂಗಸಿನ ಹಾರ್ಮೋನು ಮಾಡಿಬಿಡುತ್ತೆ, ಮೇಲಿಂದ ದಿನವಿಡೀ ಕೂತೇ ಇರ್ತಾರೆ, ತೊಡೆಸಂದಿಯ ಬಿಸಿ ಬೇರೆ, ದಿನಾ ನಡೀಲಿ, ತೂಕ ಇಳಿಸಲಿ, ಹೊಸ ಬೀಜ ತಯಾರಾಗೋಕೆ ಮೂರು ತಿಂಗಳು ಹಿಡಿಯುತ್ತೆ, ಆಮೇಲೆ ಮತ್ತೆ ನೋಡೋಣ, ಗ್ಯಾರಂಟಿ ಕೊಡೋಕಾಗಲ್ಲ, ಆದರೆ ನಿಮಗೂ ವಯಸ್ಸು ಮೂವತ್ತೆಂಟಾಯಿತಲ್ಲ, ತಡ ಮಾಡಬೇಡಿ — ತಡ ಮಾಡಬೇಡಿ ಎಂದರೆ ಇಲ್ಲಿ ಈ ಕತ್ತೆ, ತೂಕದ ಮಿಷನ್ನಿಗೆ ಬೈಯುತ್ತಿದೆ.

ನೋಡೇ, ಕಣ್ಣಿದ್ರೆ ನೋಡು, ಎಂದು ಅವನು ಪ್ಯಾಂಟಿನ ಸೊಂಟಪಟ್ಟಿ ಮಗುಚಿ ತೋರಿಸುತ್ತಾನೆ, ಒಳಗೆ ಬಿಳಿ ಚೀಟಿ, ಚೀಟಿಯಲ್ಲಿ ಕೆಂಪು ದಾರದಲ್ಲಿ ಮೂವತ್ತನಾಲ್ಕು, ಮದುವೇಲೂ ಮೂವತ್ತನಾಲ್ಕು, ಇವತ್ತೂ ಮೂವತ್ತನಾಲ್ಕು, ಡಿಪೋದಲ್ಲಿ ಯಾರನ್ನ ಬೇಕಾದ್ರೂ ಕೇಳು, ಇಂಥ ಮೈಕಟ್ಟು ಇನ್ಯಾವನಿಗಿದೆ. ಆ ಚೀಟಿ ಹೊಲಿದವಳು ಅವಳೇ. ಸೊಂಟ ಮೂವತ್ತಾರಾದ ವರ್ಷ ಇವನು ಕನ್ನಡಿಯ ಮುಂದೆ ಉಸಿರು ಬಿಗಿಹಿಡಿದು ನಿಂತಿದ್ದ, ಯಾವನೋ ಪ್ರಯಾಣಿಕ ಗುಡಾಣ ಅಂದನಂತೆ, ಊಟ ಬಿಟ್ಟು ಮಗ್ಗುಲಾದ, ಅವಳಿಗೆ ಸಂಕಟ ತಡೆಯಲಾಗಲಿಲ್ಲ, ಮಾರನೆ ದಿನ ತಾನು ಕೆಲಸಕ್ಕೆ ಹೋಗುವ ಗಾರ್ಮೆಂಟ್ಸಿನಿಂದ ಮೂವತ್ತನಾಲ್ಕರ ಚೀಟಿ ಒಂದು ಹಿಡಿ ಜೇಬಿಗೆ ಹಾಕಿಕೊಂಡು ಬಂದಳು, ಹಳೇ ಪ್ಯಾಂಟು ಬಿಚ್ಚಿ ಸಡಿಲ ಮಾಡಿದಳು, ಹೊಸದನ್ನು ದೊಡ್ಡದಾಗೇ ಕತ್ತರಿಸಿದಳು, ಮೂವತ್ತೆಂಟಾಯಿತು, ನಲವತ್ತಾಯಿತು, ಚೀಟಿ ಮಾತ್ರ ಅದೇ. ಹಾಕಿಕೊಂಡು ಎಷ್ಟು ಬೀಗಿದ ಮಾರಾಯ, ಕೋಣೆ ತುಂಬ ತಿರುಗಿದ. ತಿಂಗಳು ತಿಂಗಳೂ ಅವಳು ಬಚ್ಚಲಿನಿಂದ ಸಪ್ಪೆ ಮುಖ ಮಾಡಿಕೊಂಡು ಹೊರಬಂದ ದಿನ ಸಿಹಿಯ ಪೊಟ್ಟಣ ತರುತ್ತಿದ್ದವನೂ ಇವನೇ, ತಿನ್ನು, ಒಂದಾದ್ರೂ ತಿನ್ನು, ಅವಳು ಒಂದು ತಿಂದರೆ ಉಳಿದದ್ದನ್ನು ಇವನೇ ಬಳಿಯುತ್ತಿದ್ದ, ಬಾಯಿ ತುಂಬಿಕೊಂಡರೆ ಅಳು ಬರುವುದಿಲ್ಲವಲ್ಲ. ಆರು ವರ್ಷದ ತಿಂಗಳುಗಳೆಲ್ಲ ಆ ಹೊಟ್ಟೆಯಲ್ಲೇ ಇವೆ, ಅವಳು ಅವನ್ನೆಲ್ಲ ಒಳಗೆ ಹಾಕಿ ಮೇಲೆ ಮೂವತ್ತನಾಲ್ಕು ಎಂದು ಹೊಲಿದಳು, ಅಳತೆಯನ್ನೇ ಕಸುಬು ಮಾಡಿಕೊಂಡವಳು, ಥೂ.

ತಡೀರಿ, ಕೈ ಎತ್ತಿ, ಎಂದಳು. ಕೊರಳಿನ ಟೇಪು ತೆಗೆದು ಸುತ್ತಿದಳು, ಸುತ್ತಲು ಅಪ್ಪಿಕೊಂಡೇ ಸುತ್ತಬೇಕು, ಕೆನ್ನೆ ಅಂಗಿಗೆ ತಗಲಿತು, ಸೋಪು, ಡೀಸೆಲ್, ಅವನು ಕಚಗುಳಿಯಾದವನಂತೆ ಹೊಟ್ಟೆ ಎಳೆದುಕೊಂಡ, ಬಿಡ್ರೀ ಉಸಿರು ಎಂದಳು, ಬಿಟ್ಟ. ನಲವತ್ಮೂರು. ಈ ಟೇಪು ಸುಳ್ಳು ಕಣೇ, ಎಂದ. ಟೇಪು ಸರಿಯಾಗೇ ಇದೆ ರೀ, ಸುಳ್ಳು ನಾನು, ಚೀಟಿ ಹಚ್ಚಿದ್ದು ನಾನೇ, ಏಳು ವರ್ಷದಿಂದ, ನೀವು ನೊಂದ್ಕೋತೀರಿ ಅಂತ. ಈಗ ಕೂಗುತ್ತಾನೆ, ಕೂಗಲಿ, ತಟ್ಟೆ ಎಸೆಯಲಿ, ನಾನೂ ಎರಡು ಎಸೆಯುತ್ತೇನೆ — ಅವನು ಕೂಗಲಿಲ್ಲ. ಕುರ್ಚಿಯ ಮೇಲಿದ್ದ ಅವಳ ರಿಪೋರ್ಟಿನ ಚೀಲವನ್ನು ನೋಡಿದ. ಅಷ್ಟು ಸೂಜಿ, ಎಂದ, ನಿಂಗೆ ಅಷ್ಟು ಸೂಜಿ ಚುಚ್ಚಿಸಿದ್ನಲ್ಲೇ ನಾನು. ಅಯ್ಯೋ ನಿಮ್ಮ, ಅದನ್ನ ಯಾರು ಕೇಳಿದ್ರು, ಎನ್ನಬೇಕೆಂದುಕೊಳ್ಳುವಷ್ಟರಲ್ಲಿ ಅವನು ಚಪ್ಪಲಿ ಮೆಟ್ಟಿ ಬಾಗಿಲು ತೆರೆದು ಹೊರಟುಹೋದ, ಮೆಟ್ಟಿಲ ಮೇಲೆ ಧಪ್ ಧಪ್, ಮೂರು ಮಹಡಿ, ಆಮೇಲೆ ಏನೂ ಇಲ್ಲ. ಮೂರು ಗಂಟೆ ಆಗ, ಈಗ ಐದೂವರೆ, ಅನ್ನ ಆರಿತು, ತಮ್ಮನ ಮನೆಗೆ ಹೋದನೋ, ಡಿಪೋಗೆ ಹೋಗಿ ಕೂತನೋ, ಅವಳ ಮೇಲೆ ಸಿಟ್ಟೋ ತನ್ನ ಮೇಲೋ, ಫೋನೂ ಇಲ್ಲೇ ಬಿಟ್ಟಿದ್ದಾನೆ, ಬೀದಿ ಕೊನೆಯ ಅಂಗಡಿಗೆ ಬೆಂಕಿಪೊಟ್ಟಣ ತರಲಿಕ್ಕೂ ಸ್ಕೂಟರು ಹತ್ತುವವನು, ಇಷ್ಟು ಹೊತ್ತಿಗೆ ಎಷ್ಟು ದೂರ ಹೋಗಿರಬಹುದು, ಅವಳು ಬಾಗಿಲ ಕಡೆ ತಿರುಗಿದಳು, ಬಾಗಿಲ ಪಕ್ಕದ ಮೊಳೆ, ಮೊಳೆಯಲ್ಲಿ ಸ್ಕೂಟರಿನ ಕೀಲಿ, ಕೀಲಿ ಇಲ್ಲೇ ಇದೆ, ಹಾಗಾದರೆ ನಡೆದೇ — ಕೀಲಿ ಮೊಳೆಯಲ್ಲೇ ಇದೆ, ಕೀಲಿ —