ಒಳಗೆ ಕೂತಿದ್ದು ಯಾರು

ಹೆಣದ ವ್ಯಾನು ಬರುವ ಮೊದಲು ಅಂಗಳ ಖಾಲಿಯಾಗಲಿ ಎಂದು ಕೆಂಪು ಸ್ಪೋರ್ಟ್ಸ್ ಕಾರನ್ನು ಸರಿಸಲು ಹೋದ ಮಗಳು, ಬಾಗಿಲು ಹಾಕಿಕೊಂಡವಳೇ ಕೀಲಿ ತಿರುಗಿಸುವುದನ್ನು ಬಿಟ್ಟು ಮೂಗರಳಿಸಿದಳು. ಹಸಿ ವಾಸನೆ. ಒದ್ದೆ ಗೋಣಿಚೀಲವನ್ನು ಮೂಲೆಯಲ್ಲಿ ಮರೆತರೆ ಬರುವಂಥದ್ದು. ಬಗ್ಗಿ ಕಾಲ ಬಳಿಯ ಕಾರ್ಪೆಟ್ಟನ್ನು ಮುಟ್ಟಿದಳು. ಮೇಲೆ ಒಣಗಿತ್ತು. ಅಂಚು ಎತ್ತಿ ಕೆಳಗಿನ ಸ್ಪಂಜನ್ನು ಹಿಂಡಿದರೆ ನೀರು ಮಣಿಕಟ್ಟಿನವರೆಗೆ ಇಳಿಯಿತು.

ಬೆಳಗಿನಿಂದ ಬಾರದಿದ್ದ ಅಳು ಆಗಲೂ ಬರಲಿಲ್ಲ. ಸಿಟ್ಟು ಬಂತು.

ಮುಂದಿನ ಕೋಣೆಯಲ್ಲಿ ಅಪ್ಪ ಮಲಗಿದ್ದ. ಕಾರಿನೊಳಗೆ ನೀರು ಎಲ್ಲಿಂದ ನುಗ್ಗುತ್ತದೆಂದು ಹುಡುಕಿ ಸರಿಮಾಡುವುದೊಂದನ್ನೇ ಕಸುಬು ಮಾಡಿಕೊಂಡು ಬದುಕಿದವನು, ಬೀದಿಯವರ ಬಾಯಲ್ಲಿ ಸೋರಪ್ಪ. ಅಂಗಳದ ಕುರ್ಚಿಗಳಲ್ಲಿ ಬಂದವರು ಕೂತಿದ್ದರು. ಅವರ ನಡುವೆ ಅಣ್ಣ, ಈ ಕಾರಿನ ಯಜಮಾನರಾದ ಹಲ್ಲಿನ ಡಾಕ್ಟರ ಕೈ ಹಿಡಿದುಕೊಂಡು ನಿಂತಿದ್ದ.

"ನಿಮ್ಮ ಕಾರೇ ಅಪ್ಪನ ಕೊನೇ ಕೆಲಸ ಡಾಕ್ಟ್ರೇ. ಅವರು ಆಸ್ಪತ್ರೆ ಸೇರಿದ್ಮೇಲೆ ನಾನೇ ಮುಗಿಸ್ದೆ. ನಿನ್ನೆ ತೊಳೆದೂ ಇಟ್ಟಿದೀನಿ, ಇವತ್ತೇ ತಗೊಂಡು ಹೋಗಿ. ಇನ್ಮೇಲೆ ಶೆಡ್ಡು ನಾನೇ ನೋಡ್ಕೊಳ್ಳೋದು."

"ಇವತ್ತು ಕಾರಿನ ಮಾತ್ಯಾಕಪ್ಪ? ನಾನು ನಿಮ್ಮಪ್ಪನ್ನ ನೋಡೋಕೆ ಬಂದಿದ್ದು," ಎಂದರು ಡಾಕ್ಟರು.

"ತಂದೆಗೆ ತಕ್ಕ ಮಗ," ಎಂದು ಸೋದರಮಾವ ಎಲ್ಲರಿಗೂ ಕೇಳುವಂತೆ ಹೇಳಿದ.

ಮಗಳ ಮೈ ಉರಿದುಹೋಯಿತು. ಕೆಳಗಿಳಿದು ಬಾಗಿಲಿನ ತಳದಲ್ಲಿ ಬೆರಳಾಡಿಸಿದಳು. ಕಾರಿನ ಬಾಗಿಲೊಳಗೆ ನೀರು ಇಳಿಯುವುದು ತಪ್ಪಲ್ಲ. ಗಾಜಿನ ಸಂದಿಯಿಂದ ಇಳಿದದ್ದು ತಳದ ತೂತುಗಳಿಂದ ಹೊರಗೆ ಹೋಗುತ್ತದೆ. ಆ ತೂತುಗಳಿಂದಲೇ ನೀರು ಒಳಗೆ ಬರುತ್ತಿದೆ ಎಂದುಕೊಂಡು ಅವನ್ನು ಮುಚ್ಚುವವನು ಈ ಕಸುಬಿನಲ್ಲಿ ಮೊದಲ ದಿನದವನು. ಅಲ್ಲಿ ತೂತುಗಳೇ ಇರಲಿಲ್ಲ. ಅಣ್ಣ ಗಮ್ಮು ಮೆತ್ತಿದ್ದ, ಅದೂ ಧಾರಾಳವಾಗಿ. ಹೋಗಲು ದಾರಿಯಿಲ್ಲದ ನೀರು ಬಾಗಿಲು ತುಂಬಿ ಒಳಕ್ಕೇ ಹರಿದಿತ್ತು.

*

ಅಪ್ಪನ ಕ್ರಮ ಒಂದೇ. ಒಬ್ಬರು ಟಾರ್ಚು ಹಿಡಿದು ಕಾರಿನೊಳಗೆ ಕೂರಬೇಕು, ಅವನು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಬೇಕು. ಒಳಗಿದ್ದವರು ಮೊದಲ ಹನಿ ಕಂಡ ಕೂಡಲೇ ಗಾಜು ತಟ್ಟಬೇಕು. ತಟ್ಟಿದ ಕ್ಷಣವೇ ಅಪ್ಪ ನಲ್ಲಿ ನಿಲ್ಲಿಸಿ, ಬಾಗಿಲು ತೆರೆದು, "ಎಲ್ಲಿ?" ಎನ್ನುತ್ತಿದ್ದ. ಮನೆಯ ಬಚ್ಚಲ ನಲ್ಲಿ ವರ್ಷಗಟ್ಟಲೆ ತೊಟ್ಟಿಕ್ಕಿದರೂ ತಿರುಗಿ ನೋಡದ ಮನುಷ್ಯ. "ಮನೆಗೆ ಮಾರಿ, ಊರಿಗೆ ಉಪಕಾರಿ," ಎಂದು ಅಮ್ಮ ಬೈಯದ ದಿನವಿಲ್ಲ.

ಮೊದಮೊದಲು ಒಳಗೆ ಕೂರುತ್ತಿದ್ದವನು ಅಣ್ಣ. ಒಂದು ದಿನ ಗೆಳೆಯರು ಗೇಟಿನಲ್ಲಿ ನಿಂತು ಆಟಕ್ಕೆ ಕರೆಯುತ್ತಿದ್ದರು. ಅವನು ಗಾಜು ತಟ್ಟಲೇ ಇಲ್ಲ. ಇಳಿದು ಬಂದು, "ಒಂದು ಹನೀನೂ ಇಲ್ಲಪ್ಪ," ಎಂದ. ಅಪ್ಪ ಸೀಟಿನ ಕೆಳಗೆ ಕೈಯಿಟ್ಟು, ಒದ್ದೆಯಾದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಹೋಗು, ಆಟ ಆಡ್ಕೋ," ಎಂದಷ್ಟೇ ಹೇಳಿದ.

ಮರುದಿನ ಟಾರ್ಚು ತಂಗಿಯ ಕೈಗೆ ಬಂತು. ಮತ್ತೆಂದೂ ಅಣ್ಣನ ಕೈಗೆ ಹೋಗಲಿಲ್ಲ. ಅವನನ್ನು ಬೈದಿದ್ದರೆ ಚೆನ್ನಾಗಿತ್ತೇನೋ.

*

ಹೋದ ವಾರ ಆಸ್ಪತ್ರೆಯಲ್ಲಿ ಅಪ್ಪ ಕಣ್ಣು ಬಿಟ್ಟು, "ಕೆಂಪು ಕಾರು?" ಎಂದಿದ್ದ.

"ಆಯ್ತಪ್ಪ. ಒಣಗಿ ಗರಿಗರಿ ಅಂತಿದೆ," ಎಂದ ಅಣ್ಣ.

"ಒಳಗೆ ಕೂತಿದ್ದು ಯಾರು?"

ಅಣ್ಣ ತಂಗಿಯತ್ತ ಕೈ ತೋರಿಸಿದ. "ಇವಳೇ. ಬೆಳಿಗ್ಗೆ ಸ್ನಾನಕ್ಕೆ ಅಂತ ಮನೆಗೆ ಬಂದಾಗ."

ಅಪ್ಪ ಅವಳ ಮುಖವನ್ನೇ ನೋಡಿದ. ಅವಳು ಆ ಕಾರನ್ನು ಮುಟ್ಟಿಯೂ ಇರಲಿಲ್ಲ. ಮನುಷ್ಯ ನೆಮ್ಮದಿಯಾಗಿ ನಿದ್ದೆ ಮಾಡಲಿ ಎಂದು ಹೂಂ ಎಂಬಂತೆ ತಲೆಯಾಡಿಸಿದಳು. ಅಪ್ಪ ಕಣ್ಣು ಮುಚ್ಚಿದ. ಆಮೇಲೆ ಅವನು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

*

ಅವಳು ಶೆಡ್ಡಿನಿಂದ ಪೈಪು ಎಳೆದು ತಂದು ಅಂಗಳದ ನಡುವೆ ಹಾಕಿದಳು.

"ಅಣ್ಣಾ, ಬಾ. ಒಳಗೆ ಕೂತ್ಕೋ."

"ತಲೆ ಕೆಟ್ಟಿದೆಯಾ ನಿಂಗೆ?"

"ಕೆಟ್ಟಿದೆ. ನನ್ನ ಹೆಸರು ಹೇಳಿ ಸಾಯೋ ಮನುಷ್ಯನಿಗೆ ಸುಳ್ಳು ಹೇಳ್ದೆಯಲ್ಲ. ಅಪ್ಪ ಈ ಮನೇಲಿ ಇರೋದು ವ್ಯಾನು ಬರೋವರೆಗೆ ಮಾತ್ರ. ಅಷ್ಟರಲ್ಲಿ ನಿಜ ಏನೂಂತ ನೀನೇ ತಟ್ಟಿ ಹೇಳು."

ಸೋದರಮಾವ ಎದ್ದ. "ಏನಮ್ಮಾ ಇದು? ಹೆಣ ಮನೇಲಿಟ್ಕೊಂಡು ಬೀದಿ ಜಗಳಾನಾ? ನಾಳೆ ನೋಡ್ಕೊಂಡ್ರಾಯ್ತು."

"ನಾಳೆ ನೋಡೋಕೆ ಅಪ್ಪ ಇರ್ತಾರಾ ಮಾವ?"

"ಡಾಕ್ಟ್ರ ಕಾರಮ್ಮ ಅದು," ಎಂದ ಅಣ್ಣ, ಬೇರೆ ಆಸರೆ ಕಾಣದೆ.

"ನನ್ನ ಕಾರು ತಾನೇ? ನೆನೀಲಿ ಬಿಡಿ," ಎಂದರು ಡಾಕ್ಟರು.

ಅಮ್ಮ ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದಳು. ಆ ಪೈಪನ್ನೂ ಶೆಡ್ಡನ್ನೂ ಬದುಕಿಡೀ ಶಪಿಸಿದವಳು. ಮಗಳ ಕೈಯಿಂದ ಪೈಪು ಕಸಿಯುತ್ತಾಳೆಂದು ಎಲ್ಲರೂ ಕಾದರು. ಅವಳು ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹೋಗಿ ಕೂತ್ಕೋ," ಎಂದಳು. "ನಿಮ್ಮಪ್ಪ ಮಲಗಿರೋ ಕೋಣೆ ಕಿಟಕಿ ತೆಗೆದಿಟ್ಟು ಬರ್ತೀನಿ."

ಅಣ್ಣ ಕೂತ. ಮಗಳು ಹೊರಗಿನಿಂದ ಬಾಗಿಲು ಹಾಕಿ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ನೀರು ಗಾಜಿನ ಬುಡಕ್ಕೆ ಅಪ್ಪಳಿಸಿತು. ಸ್ವಲ್ಪ ಹೊತ್ತಿಗೆ ಅಣ್ಣ ಬಗ್ಗಿ ಕಾಲಬುಡ ನೋಡಿ ಮತ್ತೆ ನೆಟ್ಟಗಾದ. ತಟ್ಟಲಿಲ್ಲ. ಇಷ್ಟು ವರ್ಷ ಕಳೆದರೂ ಅದೇ ಹುಡುಗ, ಅದೇ ಮೊಂಡು. ಅವಳು ಹಲ್ಲು ಕಚ್ಚಿ ಪೈಪನ್ನು ಅಲ್ಲಿಯೇ ಹಿಡಿದಳು.

ವ್ಯಾನು ಬಂದು ಗೇಟಿನಲ್ಲಿ ನಿಂತಿತು. ಡ್ರೈವರು ಇಳಿದು, ಯಾರನ್ನು ಏನು ಕೇಳಬೇಕೆಂದು ತಿಳಿಯದೆ, ಅಲ್ಲೇ ಕೈಕಟ್ಟಿ ನಿಂತ. ಒಳಗೆ ಅಣ್ಣ ಒಂದು ಕಾಲು ಎತ್ತಿ ಸೀಟಿನ ಮೇಲಿಟ್ಟುಕೊಂಡ. ಆಮೇಲೆ ಇನ್ನೊಂದನ್ನೂ.

ಟಕ್.

ಅಪ್ಪನಾಗಿದ್ದರೆ ನಲ್ಲಿ ನಿಲ್ಲಿಸುತ್ತಿದ್ದ. ಅವಳು ನಿಲ್ಲಿಸಲಿಲ್ಲ. ಗಾಜಿನ ಮೇಲೆ ಹರಿಯುವ ನೀರಿನ ಹಿಂದೆ ಅಣ್ಣ, ಮಂಡಿಗಳನ್ನು ಎದೆಗೆ ಅವಚಿಕೊಂಡು, ಅಪ್ಪನ ಕೋಣೆಯ ತೆರೆದಿಟ್ಟ ಕಿಟಕಿಯ ಕಡೆಗೆ ಮುಖ ಮಾಡಿ, ಗಾಜನ್ನು ತಟ್ಟುತ್ತಲೇ ಇದ್ದ.